ನನ್ನ ಅಂಕಪಟ್ಟಿ ಈಗ ಎಲ್ಲಿದೆ?

ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಉಚಿತ ಜಾಲತಾಣಗಳನ್ನು ಕುರಿತು ಕಿರುತೆರೆಯಲ್ಲಿ ಮಾತುಕತೆ ಏರ್ಪಡಿಸಿದಾಗಲೆಲ್ಲ ಒಂದು ತೊಂದರೆ ಎದುರಾಗುತ್ತದೆ. ತಾಣದ ಹೆಸರು ಪರದೆಯ ಮೇಲೆ ಮೂಡಿ ಮಾಯವಾಗುತ್ತದೆ. ನೋಡುವವರು ಪೆನ್ನು ಹುಡುಕುವಷ್ಟರಲ್ಲಿ ಮುಂದಿನ ಹೆಸರು ಬಂದಿರುತ್ತದೆ. ಹೆಸರುಗಳನ್ನು ಅಚ್ಚಿನಲ್ಲಿ ಕೊಡುವುದಕ್ಕೆ ಈ ಪುಟಗಳು ಅನುಕೂಲ; ಕೆಲವನ್ನು ಮುಂದೆ ಕೊಟ್ಟಿದ್ದೇನೆ. ಆದರೆ ಹೆಸರುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಅದನ್ನು ನನಗೆ ಕಲಿಸಿದವಳು ನನ್ನ ತಂಗಿಯ ಮಗಳು.

ಅವಳು ಪ್ರವೇಶ ಪರೀಕ್ಷೆಯೊಂದಕ್ಕೆ ಅರ್ಜಿ ಹಾಕುತ್ತಿದ್ದಳು. ಅಂದೇ ಕೊನೆಯ ದಿನ. ರಾತ್ರಿ ಹತ್ತೂವರೆಗೆ ಫೋನು ಮಾಡಿ, "ಮಾವ, ಫೋಟೋ ಐವತ್ತು ಕೆಬಿ ಒಳಗೇ ಇರಬೇಕಂತೆ. ಎಷ್ಟು ಸಲ ಹಾಕಿದ್ರೂ ತಗೊಳ್ತಾ ಇಲ್ಲ" ಎಂದಳು. ನಾನು ಮರುದಿನದ ಕಾರ್ಯಕ್ರಮದ ಸಂಕಲನದಲ್ಲಿ ಮುಳುಗಿದ್ದೆ. "ಪುಕ್ಕಟೆ ಮಾಡಿಕೊಡೋ ತಾಣಗಳು ಬೇಕಾದಷ್ಟಿವೆ, ಹುಡುಕಿ ನೋಡು" ಎಂದು ಹೇಳಿ ಫೋನಿಟ್ಟೆ. ವಿಜ್ಞಾನ ಓದಿದವನ ಬಾಯಿಂದ ಬರಬೇಕಾದ ಮಾತು ಅದಲ್ಲ.

ಅವಳು ಹುಡುಕಿದಳು. ಮೊದಲು ಕಂಡ ಪುಟವನ್ನೇ ತೆರೆದಳು. ಭಾವಚಿತ್ರ ಹಾಕಿದಳು, ಚಿಕ್ಕದಾಗಿ ಬಂತು. ಸಹಿ ಹಾಕಿದಳು, ಅದೂ ಆಯಿತು. ಆಮೇಲೆ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳು, ಕೊನೆಗೆ ಆಧಾರ್ ಕಾರ್ಡು. ಅಷ್ಟು ಹೊತ್ತಿಗೆ ಆ ಪುಟ "ಇಂದಿನ ಉಚಿತ ಮಿತಿ ಮುಗಿಯಿತು, ನಮ್ಮ ತಂತ್ರಾಂಶವನ್ನು ಇಳಿಸಿಕೊಳ್ಳಿ" ಎಂದಿತು. ಇಳಿಸಿಕೊಂಡಳು. ಹನ್ನೆರಡು ಗಂಟೆಗೆ ಹತ್ತು ನಿಮಿಷ ಇರುವಾಗ ಅರ್ಜಿ ಸಲ್ಲಿಕೆಯಾಯಿತು.

ಮರುದಿನ ಬೆಳಿಗ್ಗೆ ಬ್ರೌಸರ್ ತೆರೆದರೆ ಯಾವುದೋ ಅಪರಿಚಿತ ಪುಟ, ಸುತ್ತ ಜಾಹೀರಾತುಗಳ ಸಂತೆ. ಎರಡು ದಿನ ಬಿಟ್ಟು, ಅವಳ ಮಿಂಚಂಚೆಯ ಖಾತೆಗೆ ಬೇರೆ ಯಾವುದೋ ಊರಿನಿಂದ ಪ್ರವೇಶಿಸಲು ಯಾರೋ ಯತ್ನಿಸಿದ್ದಾರೆ ಎಂಬ ಎಚ್ಚರಿಕೆ ಬಂತು. ಗುಪ್ತಪದ ಬದಲಾಯಿಸಿದೆವು. ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಸಜ್ಜುಗೊಳಿಸಿದೆವು. ಅದರಲ್ಲಿ ಅವಳ ಒಂದು ವರ್ಷದ ಟಿಪ್ಪಣಿಗಳೂ ಹೋದವು. ಎಲ್ಲ ಒಂದು ಹಂತಕ್ಕೆ ಬಂದ ಮೇಲೆ ಅವಳು ಕೇಳಿದಳು: "ಅದು ಸರಿ ಮಾವ, ನನ್ನ ಅಂಕಪಟ್ಟಿ ಈಗ ಎಲ್ಲಿದೆ?"

ನಾನು ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ನಡೆಸುವವರ ಹೆಸರಿಲ್ಲ, ಊರಿಲ್ಲ. ಕಡತಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬ ಒಂದು ಸಾಲೂ ಇಲ್ಲ. ಅವಳಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಗಿರಣಿಯೋ, ಜಗಲಿಯೋ?

ಉಚಿತ ತಾಣಗಳು ಕೆಲಸ ಮಾಡುವ ರೀತಿ ಎರಡು. ಒಂದನ್ನು ಹಿಟ್ಟಿನ ಗಿರಣಿಗೆ ಹೋಲಿಸಬಹುದು. ರಾಗಿಯ ಡಬ್ಬ ಹೊತ್ತು ನೀವು ಗಿರಣಿಗೆ ಹೋಗುತ್ತೀರಿ, ಅಲ್ಲಿಯವರು ಬೀಸಿಕೊಡುತ್ತಾರೆ, ಹಿಟ್ಟು ಹೊತ್ತು ಮರಳುತ್ತೀರಿ. ಇನ್ನೊಂದು, ಹಿಂದೆ ಹಾಸಿಗೆಯ ಹತ್ತಿ ಹಿಂಜಲು ಮನೆಗೆ ಬರುತ್ತಿದ್ದವರ ರೀತಿ. ಅವರು ತಮ್ಮ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬಂದು ನಿಮ್ಮ ಜಗಲಿಯ ಮೇಲೇ ಕುಳಿತು ಹಿಂಜುತ್ತಿದ್ದರು. ಹತ್ತಿ ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಜಾಲತಾಣದಲ್ಲೂ ಹೀಗೆಯೇ. ಗಿರಣಿಯ ಬಗೆಯ ತಾಣದಲ್ಲಿ ನಿಮ್ಮ ಕಡತ ಅಂತರಜಾಲದ ಮೂಲಕ ಇನ್ನೆಲ್ಲೋ ಇರುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೋಗುತ್ತದೆ. ಕೆಲಸ ಅಲ್ಲಿ ನಡೆದು ಫಲಿತಾಂಶ ಮಾತ್ರ ನಿಮಗೆ ಬರುತ್ತದೆ. ಜಗಲಿಯ ಬಗೆಯ ತಾಣದಲ್ಲಿ ಪುಟ ತೆರೆದುಕೊಳ್ಳುವಾಗಲೇ ಕೆಲಸ ಮಾಡುವ ಕ್ರಮವಿಧಿ ನಿಮ್ಮ ಬ್ರೌಸರಿನೊಳಗೆ ಬಂದು ಕೂರುತ್ತದೆ. ಜಾವಾಸ್ಕ್ರಿಪ್ಟ್, ವೆಬ್‌ಅಸೆಂಬ್ಲಿ ಎಂಬ ಹೆಸರುಗಳನ್ನು ಕಾಲೇಜು ವಿದ್ಯಾರ್ಥಿಗಳು ಕೇಳಿರಬಹುದು; ಈ ಕೆಲಸ ಸಾಧ್ಯವಾಗುವುದು ಅವುಗಳಿಂದ. ಲೆಕ್ಕಾಚಾರವೆಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ, ಕಡತ ಹೊರಗೆ ಹೋಗಬೇಕಾಗಿಲ್ಲ.

ಗಿರಣಿಯ ಹೋಲಿಕೆ ಒಂದು ಕಡೆ ಸೋಲುತ್ತದೆ. ರಾಗಿ ಒಮ್ಮೆ ಹಿಟ್ಟಾಗಿ ಮನೆಗೆ ಬಂದರೆ ಗಿರಣಿಯಲ್ಲಿ ಉಳಿಯುವುದು ಧೂಳು ಮಾತ್ರ. ಕಡತ ಹಾಗಲ್ಲ. ಕಳಿಸುವುದೆಂದರೆ ನಕಲು ಮಾಡುವುದೆಂದೇ ಅರ್ಥ. ನೀವು ಫಲಿತಾಂಶ ಪಡೆದು ಪುಟ ಮುಚ್ಚಿದ ಮೇಲೂ ಆ ಕಡೆಯಲ್ಲಿ ಇಡೀ ಡಬ್ಬದ ರಾಗಿ ಹಾಗೆಯೇ ಇರುತ್ತದೆ. ಅವರು ಅಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಳ್ಳೆಯ ಹೆಸರಿನ ತಾಣಗಳು ಇಂತಿಷ್ಟು ಗಂಟೆಯೊಳಗೆ ಅಳಿಸುತ್ತೇವೆಂದು ಬರೆದಿರುತ್ತವೆ. ಅದನ್ನು ನಂಬಬಹುದೇ ವಿನಾ ಹೊರಗಿನಿಂದ ಪರೀಕ್ಷಿಸುವ ಉಪಾಯ ನಮಗಿಲ್ಲ.

ಆದರೆ ಒಂದು ತಾಣ ಗಿರಣಿಯೋ ಜಗಲಿಯೋ ಎಂಬುದನ್ನು ಪರೀಕ್ಷಿಸಬಹುದು. ಯಾವ ಉಪಕರಣವೂ ಬೇಡದ ಒಂದು ಪ್ರಯೋಗವಿದೆ, ಶಾಲೆಯ ಮಕ್ಕಳೂ ಮಾಡಬಹುದು. ತಾಣದ ಪುಟವನ್ನು ಪೂರ್ತಿ ತೆರೆಯಿರಿ. ಆಮೇಲೆ ಅಂತರಜಾಲದ ಸಂಪರ್ಕ ಕಡಿಯಿರಿ: ವೈಫೈ ಆರಿಸಿ ಅಥವಾ ತಂತಿ ಕಿತ್ತುಬಿಡಿ, ಫೋನಿನಲ್ಲಾದರೆ ವಿಮಾನದ ಚಿಹ್ನೆಯನ್ನು ಒತ್ತಿ. ಈಗ ಒಂದು ಹೂವಿನದೋ ಬೆಕ್ಕಿನದೋ ಚಿತ್ರವನ್ನು ಆ ಪುಟಕ್ಕೆ ಕೊಡಿ. ಕೆಲಸ ನಡೆದರೆ ಅದು ಜಗಲಿ. "ಸಂಪರ್ಕವಿಲ್ಲ" ಎಂದು ಕೈಚೆಲ್ಲಿದರೆ ಅದು ಬಹುತೇಕ ಗಿರಣಿ. ಪ್ರಯೋಗದಲ್ಲಿ ಒಂದು ಎಚ್ಚರ ಬೇಕು. ಸಂಪರ್ಕ ಮರಳಿದ ಕೂಡಲೇ ಪುಟವು ತನ್ನಲ್ಲಿರುವುದನ್ನು ಸದ್ದಿಲ್ಲದೆ ಕಳಿಸಲೂಬಹುದು. ಆದ್ದರಿಂದ ನಿಜವಾದ ದಾಖಲೆಯ ಕೆಲಸವಾದರೆ, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಮಾಡಿ, ಫಲಿತಾಂಶವನ್ನು ಉಳಿಸಿಕೊಂಡು, ಆ ಕಿಟಕಿಯನ್ನು ಮುಚ್ಚಿದ ನಂತರವೇ ಸಂಪರ್ಕ ಕೊಡಿ.

ಇದು ಅತಿಯಾದ ಅನುಮಾನ ಎನಿಸಬಹುದು. 2025ರ ಮಾರ್ಚ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ ಇದೇ ವಿಷಯವಾಗಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಕಡತಗಳನ್ನು ಒಂದು ಮಾದರಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಡುವ ಕೆಲವು ಉಚಿತ ತಾಣಗಳು ಹೇಳಿದ ಕೆಲಸವನ್ನು ಮಾಡಿಕೊಟ್ಟೇ, ಜೊತೆಗೆ ಕುತಂತ್ರಾಂಶವನ್ನೂ ಸೇರಿಸುತ್ತವೆ. ಒಪ್ಪಿಸಿದ ದಾಖಲೆಗಳಿಂದ ಹುಟ್ಟಿದ ದಿನಾಂಕ, ಬ್ಯಾಂಕಿನ ವಿವರ, ಗುಪ್ತಪದ ಮುಂತಾದವನ್ನು ಹೆಕ್ಕಿಕೊಳ್ಳುತ್ತವೆ ಎಂಬುದು ಅದರ ಸಾರ. ಕೆಲಸ ಸರಿಯಾಗಿ ಆಯಿತೆಂಬುದು ತಾಣ ಒಳ್ಳೆಯದೆಂಬುದಕ್ಕೆ ಸಾಕ್ಷಿಯಾಗದು. ನನ್ನ ಸೋದರಸೊಸೆಯ ಫೋಟೋ ಕೂಡ ಚೆನ್ನಾಗಿಯೇ ಬಂದಿತ್ತು.

ಐವತ್ತು ಕೆಬಿಯ ಗಣಿತ

ಈಗ ಆ ಫೋಟೋ ಮೊದಲು ಏಕೆ ಸರಿಹೋಗಲಿಲ್ಲ ಎಂಬುದನ್ನು ನೋಡೋಣ. ಲೆಕ್ಕ ಸುಲಭವಾಗಿದೆ, ಕಾಗದ ಪೆನ್ಸಿಲು ತೆಗೆದುಕೊಳ್ಳಿ.

ಸಾಮಾನ್ಯ ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದ ಚಿತ್ರದಲ್ಲಿ 4000 ಉದ್ದಕ್ಕೆ, 3000 ಅಗಲಕ್ಕೆ, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಅಂದರೆ 3 ಕೋಟಿ 60 ಲಕ್ಷ ಬೈಟ್. ಅರ್ಜಿಯವರು ಕೇಳುವುದು 50 ಕಿಲೋಬೈಟ್, ಅಂದರೆ 51,200 ಬೈಟ್. ಚಿತ್ರವನ್ನು ಏಳುನೂರರಲ್ಲಿ ಒಂದು ಪಾಲಿಗೆ ಕುಗ್ಗಿಸಬೇಕು. ಗುಣಮಟ್ಟವನ್ನೊಂದೇ ಇಳಿಸುತ್ತಾ ಹೋದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ಸೋಲುವುದು ಇಲ್ಲಿಯೇ.

ಮೊದಲು ಅಳತೆಯನ್ನು ಇಳಿಸಬೇಕು. ಪಾಸ್‌ಪೋರ್ಟ್ ಅಳತೆ ಎಂದು ನಾವು ಕರೆಯುವ 3.5 ಸೆಂಟಿಮೀಟರ್ ಅಗಲ, 4.5 ಸೆಂಟಿಮೀಟರ್ ಎತ್ತರದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಚೆನ್ನಾಗಿ ಮುದ್ರಿಸಲು ಬೇಕಾದುದು 413 ಅಗಲಕ್ಕೆ, 531 ಎತ್ತರಕ್ಕೆ; ಗುಣಿಸಿದರೆ 2,19,303 ಬಿಂದುಗಳು. ಮೂರರಿಂದ ಗುಣಿಸಿ: 6,57,909 ಬೈಟ್. ಇದನ್ನು 51,200ಕ್ಕೆ ತರಲು ಹದಿಮೂರರಲ್ಲಿ ಒಂದು ಪಾಲು ಮಾಡಿದರೆ ಸಾಕು. ಜೆಪೆಗ್ ಎಂಬ ವಿಧಾನಕ್ಕೆ ಅದು ಆಯಾಸವೇ ಇಲ್ಲದ ಕೆಲಸ. ಕಣ್ಣಿಗೆ ವ್ಯತ್ಯಾಸವೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಜೆಪೆಗ್ ಹೇಗೆ ಕುಗ್ಗಿಸುತ್ತದೆ? ಚಿತ್ರವನ್ನು ಎಂಟಕ್ಕೆ ಎಂಟರಂತೆ 64 ಬಿಂದುಗಳ ಸಣ್ಣ ಚೌಕಗಳಾಗಿ ಹೋಳು ಮಾಡುತ್ತದೆ. ಪ್ರತಿ ಚೌಕವನ್ನೂ 64 ಸಿದ್ಧ ವಿನ್ಯಾಸಗಳ ಮೊತ್ತವೆಂದು ಬರೆಯುತ್ತದೆ. ಈ ವಿನ್ಯಾಸಗಳು ಕೊಸೈನ್ ಅಲೆಗಳಿಂದ ಆದವು. ಕೆಲವು ಒರಟು, ಕೆಲವು ಬಹಳ ನವಿರು. ಕೆನ್ನೆ, ಹಣೆ, ಗೋಡೆ ಇಂಥವುಗಳಲ್ಲಿ ಒರಟು ವಿನ್ಯಾಸಗಳದೇ ದೊಡ್ಡ ಪಾಲು. ನವಿರಾದವುಗಳ ಪಾಲು ಅತ್ಯಲ್ಪ, ಅವನ್ನು ಸೊನ್ನೆ ಮಾಡಿದರೂ ನಮ್ಮ ಕಣ್ಣು ತಕರಾರು ಮಾಡುವುದಿಲ್ಲ. ಸೊನ್ನೆಗಳನ್ನು ಬರೆದಿಡಲು ಹೆಚ್ಚು ಜಾಗ ಬೇಡ. ಕುಗ್ಗುವುದರ ಗುಟ್ಟು ಅಷ್ಟೆ.

ಈ ಗುಟ್ಟಿನ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ ಬೆಂಗಳೂರಿನಲ್ಲಿ. ಇಂದು ಯುವಿಸಿಇ ಎಂದು ಹೆಸರಾಗಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು, ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಕೊಸೈನ್ ಅಲೆಗಳಿಂದ ಚಿತ್ರವನ್ನು ಕುಗ್ಗಿಸುವ ಯೋಚನೆಯನ್ನು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದಿಟ್ಟು ಧನಸಹಾಯ ಕೇಳಿದರು. ಸಹಾಯ ಸಿಗಲಿಲ್ಲ. ಅವರು ಕೆಲಸ ನಿಲ್ಲಿಸಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಜೆಪೆಗ್ ಚಿತ್ರಗಳೂ, ಎಂಪೆಗ್ ಮಾದರಿಯ ವೀಡಿಯೊಗಳೂ ನಿಂತಿರುವುದು ಆ ಗಣಿತದ ಮೇಲೆ. ದೂರದರ್ಶನದ ಡಿಜಿಟಲ್ ಪ್ರಸಾರವೂ ಅದಿಲ್ಲದೆ ನಿಮ್ಮ ಮನೆ ತಲುಪುವುದಿಲ್ಲ. ಆದ್ದರಿಂದ ನನ್ನ ಅನ್ನದಲ್ಲೂ ಅವರ ಪಾಲಿದೆ!

ಅಳತೆ ಮತ್ತು ಗುಣಮಟ್ಟ ಎರಡನ್ನೂ ಬದಲಾಯಿಸಲು ನಾನು ಸೂಚಿಸುವ ತಾಣ ಸ್ಕ್ವೂಶ್. ವಿಳಾಸ: ಸ್ಕ್ವೂಶ್ ಡಾಟ್ ಆ್ಯಪ್. ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಹೊರತಂದರು. ಎಡಗಡೆ ಮೂಲ ಚಿತ್ರ, ಬಲಗಡೆ ಕುಗ್ಗಿದ ಚಿತ್ರ, ನಡುವೆ ಸರಿಸಬಹುದಾದ ಒಂದು ಗೆರೆ; ಎಷ್ಟು ಕೆಬಿ ಆಯಿತೆಂಬುದು ಕೆಳಗೆ ಕಾಣುತ್ತಿರುತ್ತದೆ. ಇದು ಜಗಲಿಯ ಬಗೆಯದು. ನನ್ನ ಮಾತು ನಂಬಬೇಡಿ, ಮೇಲಿನ ಪ್ರಯೋಗ ಮಾಡಿ ನೋಡಿ. ಅಂತರಜಾಲವೇ ಬೇಡವೆನ್ನುವವರು ಗಿಂಪ್ ಎಂಬ ಉಚಿತ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ಸಾಕು. ವಿಂಡೋಸ್‌ನಲ್ಲಿ ಮೊದಲೇ ಇರುವ ಪೇಂಟ್‌ನಲ್ಲಿಯೂ ಅಳತೆ ಇಳಿಸಬಹುದು, ಗುಣಮಟ್ಟವನ್ನು ಮಾತ್ರ ಅದು ನಮ್ಮ ಕೈಗೆ ಕೊಡುವುದಿಲ್ಲ.

ಅಂಕಪಟ್ಟಿಯ ವಿಷಯ ಬೇರೆ. ಅಕ್ಷರಗಳ ಅಂಚು ಚೂಪು; ಜೆಪೆಗ್ ಕಿತ್ತುಹಾಕುವ ನವಿರು ವಿನ್ಯಾಸಗಳೇ ಆ ಅಂಚುಗಳಿಗೆ ಆಧಾರ. ಹೆಚ್ಚು ಕುಗ್ಗಿಸಿದರೆ ಅಕ್ಷರಗಳ ಸುತ್ತ ಕೊಳೆ ಮೆತ್ತಿದಂತಾಗಿ 3 ಯಾವುದು 8 ಯಾವುದು ತಿಳಿಯದಾಗುತ್ತದೆ. ಬಣ್ಣ ಬಿಟ್ಟು ಬೂದುಛಾಯೆಯಲ್ಲಿ, ಅಂಗುಲಕ್ಕೆ 150 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಗಾತ್ರ ಎಷ್ಟೋ ಇಳಿಯುತ್ತದೆ, ಓದಲೂ ಬರುತ್ತದೆ. ಹಲವು ಪುಟಗಳನ್ನು ಒಂದೇ ಪಿಡಿಎಫ್ ಮಾಡಲು ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ ತಂತ್ರಾಂಶ ನಿಮ್ಮ ಯಂತ್ರದಲ್ಲೇ ಕೆಲಸ ಮಾಡುತ್ತದೆ.

ಅದಕ್ಕೂ ಮೊದಲು, ಸ್ಕ್ಯಾನ್ ಮಾಡುವ ಅಗತ್ಯವೇ ಇದೆಯೇ ಎಂದು ನೋಡಿಕೊಳ್ಳಿ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಡಿಜಿಲಾಕರ್‌ನಲ್ಲಿ ಪರೀಕ್ಷಾ ಮಂಡಳಿಗಳು ತಾವೇ ಅಂಕಪಟ್ಟಿ ನೀಡುತ್ತವೆ, ಕರ್ನಾಟಕದ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳೂ ಅಲ್ಲಿ ದೊರೆಯುತ್ತವೆ. ಆಧಾರ್‌ನ ಪ್ರತಿ ಕೇಳಿದಲ್ಲಿ, ಪೂರ್ಣ ಸಂಖ್ಯೆ ಅಗತ್ಯವಿಲ್ಲದಿದ್ದರೆ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮುಚ್ಚಿದ ಪ್ರತಿಯನ್ನು ಪ್ರಾಧಿಕಾರದ ತಾಣದಿಂದಲೇ ಪಡೆಯಬಹುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಡುಕುತಾಣದಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಅನೇಕ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ. ಪುಟದ ನಡುವೆ ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಗುಂಡಿ ಕಂಡರೆ ಅದು ನಿಮ್ಮ ಕಡತದ್ದಲ್ಲದೆ ಇನ್ಯಾರದೋ ಜಾಹೀರಾತಾಗಿರಬಹುದು. ನೀವು ಕೇಳಿದ್ದು ಚಿತ್ರ. ಬಂದ ಕಡತದ ಹೆಸರಿನ ಕೊನೆಯಲ್ಲಿ "ಇಎಕ್ಸ್‌ಇ" ಎಂದಿದ್ದರೆ ಅದು ಚಿತ್ರವಲ್ಲ, ನಿಮ್ಮ ಯಂತ್ರದಲ್ಲಿ ಓಡಲಿರುವ ಕ್ರಮವಿಧಿ. ತೆರೆಯದೆ ಅಳಿಸಿ.

ಕಳಿಸಲೇಬೇಕಾದಾಗ

ಎಲ್ಲ ಕೆಲಸವೂ ಜಗಲಿಯ ಮೇಲೆ ಆಗುವುದಿಲ್ಲ. ಸಂಶಯ ಬಂದ ಕಡತವನ್ನು ಪರೀಕ್ಷಿಸಬೇಕೆಂದರೆ ವೈರಸ್‌ಟೋಟಲ್ ಎಂಬ ತಾಣವಿದೆ. ಸ್ಪೇನಿನಲ್ಲಿ 2004ರಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್‌ನ ಪಾಲಾಯಿತು. ಒಂದು ಕಡತ ಕೊಟ್ಟರೆ ಹತ್ತಾರು ವೈರಸ್ ನಿರೋಧಕಗಳ ಅಭಿಪ್ರಾಯವನ್ನು ಒಟ್ಟಿಗೆ ಹೇಳುತ್ತದೆ. ಬಹಳ ಉಪಯುಕ್ತ. ಆದರೆ ಅಲ್ಲಿ ಹಾಕಿದ ಕಡತಗಳನ್ನು ಭದ್ರತಾ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಲಾಗುತ್ತದೆ. ತಾಣವೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಹೊಸ ವೈರಸ್ಸುಗಳನ್ನು ಪತ್ತೆ ಹಚ್ಚಲು ಅದು ಬೇಕು. ಇಳಿಸಿಕೊಂಡ ತಂತ್ರಾಂಶವನ್ನು ಧಾರಾಳವಾಗಿ ಅಲ್ಲಿ ಪರೀಕ್ಷಿಸಿ, ನಿಮ್ಮ ಆಧಾರ್ ಇರುವ ಪಿಡಿಎಫ್ ಅನ್ನು ಮಾತ್ರ ಹಾಕಬೇಡಿ.

ಕಳಿಸಲೂಬೇಕು, ಗುಟ್ಟೂ ಉಳಿಯಬೇಕು. ಇದು ಸಾಧ್ಯವೇ? ಒಂದು ಸೊಗಸಾದ ಉದಾಹರಣೆಯಿದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣ ಆರಂಭಿಸಿದರು. ಬೇರೆ ಬೇರೆ ಸಂಸ್ಥೆಗಳಿಂದ ಸೋರಿಹೋದ ಖಾತೆಗಳ ಪಟ್ಟಿಯಲ್ಲಿ ನಿಮ್ಮ ಮಿಂಚಂಚೆ ವಿಳಾಸ ಇದೆಯೇ ಎಂದು ಅದು ಹೇಳುತ್ತದೆ. ನಿಮ್ಮ ಗುಪ್ತಪದ ಸೋರಿದೆಯೇ ಎಂದು ನೋಡುವ ಭಾಗವೂ ಅದರಲ್ಲಿದೆ. "ಸೋರಿದೆಯೇ ಎಂದು ತಿಳಿಯಲು ಗುಪ್ತಪದವನ್ನೇ ಹೇಳಬೇಕೆ? ಇದೊಳ್ಳೆ ಕಥೆ!" ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಲ್ಲಿ ಹೀಗೆ ಮಾಡಿದ್ದಾರೆ. ನೀವು ಬರೆದ ಗುಪ್ತಪದವನ್ನು ನಿಮ್ಮ ಬ್ರೌಸರೇ ಗಣಿತದ ಒಂದು ಯಂತ್ರದಲ್ಲಿ ಅರೆದು 40 ಅಂಕಿ-ಅಕ್ಷರಗಳ ಸಾಲಾಗಿ ಮಾಡುತ್ತದೆ. ಪ್ರತಿ ಸ್ಥಾನದಲ್ಲೂ 16 ಚಿಹ್ನೆಗಳಲ್ಲಿ ಒಂದು. ಚಟ್ನಿಯಿಂದ ತೆಂಗಿನಕಾಯಿ ಮರಳಿ ಬಾರದಂತೆ ಈ ಸಾಲಿನಿಂದ ಗುಪ್ತಪದವನ್ನು ಹಿಂದಕ್ಕೆ ಪಡೆಯಲಾಗದು. ಆ 40ರಲ್ಲಿ ಮೊದಲ 5 ಚಿಹ್ನೆಗಳನ್ನು ಮಾತ್ರ ತಾಣಕ್ಕೆ ಕಳಿಸಲಾಗುತ್ತದೆ. 16ನ್ನು ಐದು ಸಲ ಗುಣಿಸಿದರೆ 10,48,576 ಗುಂಪುಗಳು. ನಿಮ್ಮದು ಅವುಗಳಲ್ಲಿ ಯಾವ ಗುಂಪಿಗೆ ಸೇರಿದ್ದೆಂಬುದಷ್ಟೇ ತಾಣಕ್ಕೆ ತಿಳಿಯುತ್ತದೆ. ಆ ಗುಂಪಿನಲ್ಲಿರುವ ಸೋರಿದ ಸಾಲುಗಳನ್ನೆಲ್ಲ ಅದು ಮರಳಿ ಕಳಿಸುತ್ತದೆ. ಉಳಿದ 35 ಚಿಹ್ನೆಗಳನ್ನು ಹೋಲಿಸಿ ನೋಡುವುದು ನಿಮ್ಮ ಯಂತ್ರದೊಳಗೇ. ಗಿರಣಿಗೆ ಒಂದೇ ಚಿಟಿಕೆ ಕಳಿಸಿ ಉಳಿದದ್ದನ್ನು ಮನೆಯಲ್ಲಿಟ್ಟುಕೊಂಡಂತೆ. ಈ ಏರ್ಪಾಡು ಬಂದದ್ದು 2018ರಲ್ಲಿ. ಉಚಿತ ತಾಣ ನಡೆಸುವವರಿಗೆ ಮನಸ್ಸಿದ್ದರೆ ಎಷ್ಟು ಕಡಿಮೆ ಕೇಳಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ.

ಕನ್ನಡದ ಕಡತಗಳು

ನಮ್ಮ ಕಪಾಟಿನಲ್ಲಿ ಇಪ್ಪತ್ತು ವರ್ಷ ಹಿಂದಿನ ಕಾರ್ಯಕ್ರಮಗಳ ಬರಹಗಳಿವೆ. ಒಮ್ಮೆ ತೆರೆದರೆ ಕನ್ನಡವೇ ಇಲ್ಲ! ಪೌಂಡ್ ಚಿಹ್ನೆ, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪ್ರಶ್ನಾರ್ಥಕ. ನಿಮ್ಮ ಮನೆಯಲ್ಲೂ ಹಿರಿಯರು ನುಡಿ ಅಥವಾ ಬರಹದ ಹಳೆಯ ಆವೃತ್ತಿಯಲ್ಲಿ ಬೆರಳಚ್ಚು ಮಾಡಿದ ಕಡತಗಳಿದ್ದರೆ ಹೀಗೆಯೇ ಕಾಣುತ್ತವೆ. ಆ ಕಾಲದ ವಿಧಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂರಿಸುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ವಿಭಾಗವಿದೆ, ಆದ್ದರಿಂದ ಅದು ಎಲ್ಲಿ ಹೋದರೂ ಕನ್ನಡವೇ.

ಹಳೆಯದನ್ನು ಹೊಸದಕ್ಕೆ ಬದಲಾಯಿಸಿಕೊಡುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ಈ ಕೆಲಸಕ್ಕೆ ಬೇಕಾದುದು ಯಾವ ಚಿಹ್ನೆಗೆ ಯಾವ ಅಕ್ಷರ ಎಂಬ ಒಂದು ಕೋಷ್ಟಕ, ಒಂದಷ್ಟು ನಿಯಮ. ಬ್ರೌಸರಿನೊಳಗೇ ಮಾಡಲು ತೊಡಕಿಲ್ಲದ ಕೆಲಸ. ಸಂಪರ್ಕ ಕಡಿದು ನೋಡಿದರೆ ಯಾವುದು ಹಾಗಿದೆ ಎಂದು ತಿಳಿಯುತ್ತದೆ. ಅರ್ಕಾವತ್ತು, ರಫಾರ ಬಂದಲ್ಲಿ ಒಮ್ಮೆ ಕಣ್ಣಾಡಿಸಿ, ತಪ್ಪುವುದು ಅಲ್ಲಿಯೇ.

ಪದಕೋಶ ಬೇಕೆನ್ನುವವರಿಗೆ ಅಲರ್ ಇದೆ. ವಿ. ಕೃಷ್ಣ ಎಂಬುವವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿವೆ. 2019ರಲ್ಲಿ ಅಂತರಜಾಲಕ್ಕೆ ಬಂತು. ಇಡೀ ನಿಘಂಟಿನ ದತ್ತಾಂಶವನ್ನೇ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಇಲ್ಲಿ ಬೆಲೆ ತೆತ್ತವರು ಯಾರು ಎಂದು ಕೇಳಿದರೆ ಉತ್ತರ ಸ್ಪಷ್ಟ: ಒಬ್ಬ ಮನುಷ್ಯನ ನಲವತ್ತು ವರ್ಷ. ವಿಕಿಪೀಡಿಯಕ್ಕೆ ಓದುಗರ ದೇಣಿಗೆ, ಸ್ವಯಂಸೇವಕರ ದುಡಿಮೆ. ಡಿಜಿಲಾಕರ್‌ಗೆ ತೆರಿಗೆಯ ಹಣ. ಎಷ್ಟೋ ತಾಣಗಳಿಗೆ ಜಾಹೀರಾತು. ಇನ್ನು ಕೆಲವು ಮೊದಲ ಎರಡು ಕಡತಗಳನ್ನು ಪುಕ್ಕಟೆ ಮಾಡಿಕೊಟ್ಟು ಮೂರನೆಯದಕ್ಕೆ ದುಡ್ಡು ಕೇಳುತ್ತವೆ. ಅದು ನೇರ ವ್ಯಾಪಾರ, ತಪ್ಪೇನಿಲ್ಲ. ದೇಣಿಗೆಯೂ ಇಲ್ಲ, ಜಾಹೀರಾತೂ ಇಲ್ಲ, ಬೆಲೆಯೂ ಇಲ್ಲ, ನಡೆಸುವವರ ಹೆಸರೂ ಇಲ್ಲ ಎಂಬಲ್ಲಿ ನಿಲ್ಲಬೇಕು.

ಕಲಿಕೆಗೆ ಸಂಬಂಧಿಸಿ ಹೇಳುವುದಾದರೆ, ಒಮ್ಮೆ ಇಳಿಸಿಕೊಂಡು ಆಮೇಲೆ ಸಂಪರ್ಕವಿಲ್ಲದೆಯೂ ಬಳಸಬಹುದಾದವೇ ನನಗೆ ಇಷ್ಟ. ಹಾಸ್ಟೆಲುಗಳಲ್ಲಿ, ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಅವುಗಳ ಬೆಲೆ ಗೊತ್ತಾಗುತ್ತದೆ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಪ್ರಯೋಗಗಳಲ್ಲಿ ಲೋಲಕ, ವಿದ್ಯುನ್ಮಂಡಲಗಳನ್ನು ಪರದೆಯ ಮೇಲೆ ಆಡಿಸಿ ನೋಡಬಹುದು. ಕೆಲವು ಕನ್ನಡದಲ್ಲೂ ಇವೆ. ರಾತ್ರಿಯ ಆಕಾಶಕ್ಕೆ ಸ್ಟೆಲೇರಿಯಂ. ರೇಖಾಗಣಿತಕ್ಕೆ ಜಿಯೋಜೀಬ್ರಾ. ಇಡೀ ವಿಕಿಪೀಡಿಯವನ್ನೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಓದಲು ಕಿವಿಕ್ಸ್. ಬರಹ, ಕೋಷ್ಟಕಗಳಿಗೆ ಲಿಬ್ರೆಆಫೀಸ್.

ಈಗಾಗಲೇ ಯಾವುದೋ ಗಿರಣಿಗೆ ದಾಖಲೆ ಹಾಕಿಬಿಟ್ಟಿದ್ದೇನೆ, ಏನು ಮಾಡಲಿ ಎಂದು ಕೇಳುವವರು ಬಹಳ ಮಂದಿ. ಹೋದ ನಕಲನ್ನು ಮರಳಿ ತರಲಾಗದು. ಮಿಂಚಂಚೆಯ ಗುಪ್ತಪದ ಬದಲಾಯಿಸಿ, ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಆಧಾರ್ ಪ್ರಾಧಿಕಾರದ ತಾಣದಲ್ಲಿ ನಿಮ್ಮ ಸಂಖ್ಯೆ ಎಲ್ಲೆಲ್ಲಿ ದೃಢೀಕರಣಕ್ಕೆ ಬಳಕೆಯಾಗಿದೆ ಎಂಬ ಪಟ್ಟಿ ಸಿಗುತ್ತದೆ, ಬೆರಳಚ್ಚಿನ ಬಳಕೆಗೆ ಬೀಗ ಹಾಕುವ ಸೌಲಭ್ಯವೂ ಇದೆ. ಹಣವೇನಾದರೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾವು ಮಾಡಿದ್ದೂ ಇಷ್ಟೇ, ಕೊನೆಯದೊಂದರ ಅಗತ್ಯ ಬೀಳಲಿಲ್ಲ.

ಈ ವರ್ಷ ಅವಳಿಗೆ ಇನ್ನೊಂದು ಅರ್ಜಿ ಹಾಕಬೇಕಾಗಿತ್ತು. ಕೊನೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಪುಟ ತೆರೆದುಕೊಂಡು, ಎದ್ದು ಹೋಗಿ, ಮನೆಯ ವೈಫೈ ಪೆಟ್ಟಿಗೆಯ ಸ್ವಿಚ್ಚನ್ನೇ ಆರಿಸಿ ಬಂದು ಕುಳಿತಳು. 413ಕ್ಕೆ 531, ಗುಣಮಟ್ಟ ಎಂಬತ್ತರ ಹತ್ತಿರ. 43 ಕೆಬಿ ಬಂತು. ಅಷ್ಟರಲ್ಲಿ ನಡುಮನೆಯಿಂದ ಅವಳ ಅಜ್ಜಿಯ ಕೂಗು: "ಯಾರೇ ಅದು, ಧಾರಾವಾಹಿ ನಿಂತೇಹೋಯ್ತಲ್ಲ!" "ಎರಡೇ ನಿಮಿಷ ಅಜ್ಜಿ, ಕಿಟಕಿ ಮುಚ್ಚಿ ಬರ್ತೀನಿ" ಎಂದಳು. ಯಾವ ಕಿಟಕಿ ಎಂದು ಅಜ್ಜಿಗೆ ತಿಳಿಯಲಿಲ್ಲ.